ಒಲೆ ಆರಿದ ಮೇಲೂ ಬರುವ ಗಿರಾಕಿ

ಮೊದಲ ದಿನ ಅವರು ನನ್ನ ಎದುರು ಕೂತಾಗ ಫೋನು ಮಡಿಲಲ್ಲೇ ಇತ್ತು. ಪ್ಲಾಸ್ಟಿಕ್ ಕವರಿನ ಒಳಗೆಲ್ಲ ಜೋಳದ ಹಿಟ್ಟು, ಸ್ಪೀಕರಿನ ಸಣ್ಣ ತೂತುಗಳಲ್ಲೂ ಹಿಟ್ಟು. ಮುಕ್ಕಾಲು ಗಂಟೆಯಲ್ಲಿ ಅದು 26 ಸಲ ಗುಂಯ್ ಅಂತು. ನಾನು ಎಣಿಸಿದೆ. ಪ್ರತಿ ಸಲವೂ ಅವರ ಮಾತು ಅರ್ಧಕ್ಕೆ ನಿಲ್ಲುತ್ತಿತ್ತು, ಕೈ ಫೋನಿನ ಕಡೆ ಹೋಗುತ್ತಿತ್ತು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅವರನ್ನು ಅಕ್ಕ ಅಂತಲೇ ಕರೆಯುತ್ತೇನೆ. ವಯಸ್ಸು 36. ಕಲಬುರಗಿಯಲ್ಲೇ ಮನೆ. ಗಂಡ ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಮಗಳು ಒಂಬತ್ತನೇ ತರಗತಿ. ಅಕ್ಕ ಮನೆಯಲ್ಲೇ ರೊಟ್ಟಿ ಬಡಿದು ಮಾರುತ್ತಾರೆ. ಖಡಕ್ ರೊಟ್ಟಿ, ಜೊತೆಗೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ.

ತಲೆಸುತ್ತು ಬರುತ್ತದೆ, ಎದೆ ಡವಡವ ಅನ್ನುತ್ತದೆ ಅಂತ ಡಾಕ್ಟರ ಹತ್ತಿರ ಹೋಗಿದ್ದರಂತೆ. ರಕ್ತ ಪರೀಕ್ಷೆ, ಬಿಪಿ, ಥೈರಾಯ್ಡ್ ಎಲ್ಲ ಸರಿ ಇತ್ತು. "ನಿದ್ದೆ ಎಷ್ಟು ಮಾಡ್ತೀರಿ?" ಅಂತ ಕೇಳಿದ ಡಾಕ್ಟರು, ಉತ್ತರ ಕೇಳಿ ಆಪ್ತಸಮಾಲೋಚನೆಗೆ ಅಂತ ನನ್ನ ಕಡೆ ಕಳಿಸಿದ್ದರು.

ಬೇಸಿಗೆಯಲ್ಲಿ ನಮ್ಮ ಊರಿನ ಬಿಸಿಲು 42 ಡಿಗ್ರಿ ದಾಟುತ್ತದೆ. ಆ ಹೊತ್ತಿನಲ್ಲಿ ಹಂಚಿನ ಮುಂದೆ ಕೂರಲು ಆಗುವುದಿಲ್ಲ. ಹಾಗಾಗಿ ಅಕ್ಕ ನಸುಕಿನ 4 ಗಂಟೆಗೆ ಎದ್ದು ಒಲೆ ಹೊತ್ತಿಸುತ್ತಾರೆ. ಮಲಗುವುದು ಮಾತ್ರ 12 ಗಂಟೆ ಆದ ಮೇಲೆ. ಮೊದಲು ಹೀಗಿರಲಿಲ್ಲ. ಓಣಿಯ ಮಂದಿ, ಎರಡು ಖಾನಾವಳಿ, ದಿನಕ್ಕೆ 200 ರೊಟ್ಟಿ. ಬೆಂಗಳೂರಿನಲ್ಲಿರುವ ನಮ್ಮ ಕಡೆಯ ಹುಡುಗನೊಬ್ಬ ಊರಿಗೆ ಬಂದಾಗ ಅವರು ರೊಟ್ಟಿ ಬಡಿಯುವುದನ್ನು ರೀಲ್ಸ್ ಮಾಡಿ ಹಾಕಿದ, ನಂಬರನ್ನೂ ಹಾಕಿದ. ಮುಂದೆ ಪುಣೆ, ಹೈದರಾಬಾದ್, ಬೆಂಗಳೂರು, ಎಲ್ಲ ಕಡೆಯಿಂದ ವಾಟ್ಸ್ಆ್ಯಪ್ ಮೆಸೇಜು. ರೊಟ್ಟಿ 600ಕ್ಕೆ ಹೋಯಿತು. ಕೆಲಸಕ್ಕೆ ಇಬ್ಬರು ಹೆಣ್ಣುಮಕ್ಕಳನ್ನು ಇಟ್ಟುಕೊಂಡರು.

ಊರಿನ ರೊಟ್ಟಿ ಅಷ್ಟು ದೂರ ಹೋಯಿತಲ್ಲ ಎಂದು ನನಗೂ ಖುಷಿಯಾಯಿತು. ಅಂಗಡಿ ಬಾಡಿಗೆ ಇಲ್ಲ, ಬೋರ್ಡು ಇಲ್ಲ, ಒಂದು ಫೋನಿನಿಂದ ಮೂರು ಮನೆಗೆ ಅನ್ನ. ಇದನ್ನು ಬಿಟ್ಟುಬಿಡಿ ಅಂತ ಯಾವ ಬಾಯಿಂದ ಹೇಳಲಿ?

ಆದರೂ ಮೊದಲ ದಿನ ನಾನು ತಪ್ಪು ಮಾಡಿದೆ. ಇದು ಫೋನಿನ ಚಟ ಅಂದುಕೊಂಡೆ. ರಾತ್ರಿ 9ಕ್ಕೆ ಫೋನ್ ಆಫ್ ಮಾಡಿ ಅಂತ ಹೇಳಿ ಕಳಿಸಿದೆ. ವಾರದ ನಂತರ ಬಂದ ಅಕ್ಕನ ಮುಖ ಇನ್ನಷ್ಟು ಇಳಿದಿತ್ತು. ಆಫ್ ಮಾಡಿದ ರಾತ್ರಿಗಳಲ್ಲಿ ನಿದ್ದೆಯೇ ಬಂದಿರಲಿಲ್ಲ.

"ಯಾರೋ ಬಾಗಿಲ್ದಾಗ ನಿಂತಾರ, ನಾ ಒಳಗ ಮಕ್ಕೊಂಡೀನಿ, ಹಂಗ ಅನಸ್ತದ್ರಿ ಮೇಡಂ. ಮನಿಗೆ ಬಂದವ್ರಿಗೆ ಬರ್ರಿ ಅನ್ನಬಾರ್ದೇನ್ರಿ?"

ಆಗ ನನಗೆ ಅರ್ಥವಾಯಿತು. ಇವರಿಗೆ ಫೋನಿನ ಹುಚ್ಚಿಲ್ಲ. ಇದು ಇವರ ಮರ್ಯಾದೆ. ಬಂದವರನ್ನು ಹೊರಗೆ ನಿಲ್ಲಿಸಬಾರದು ಅಂತ ತವರಿನಲ್ಲಿ ಕಲಿತಿದ್ದಾರೆ. ಮೆಸೇಜು ಬಂತು ಅಂದರೆ ಮನುಷ್ಯ ಬಂದ ಹಾಗೆ. ನೀಲಿ ಗೆರೆ ಬಿದ್ದ ಮೇಲೆ ಉತ್ತರ ಕೊಡದಿದ್ದರೆ ಮುಖದ ಮೇಲೆ ಬಾಗಿಲು ಹಾಕಿದ ಹಾಗೆ. ಒಮ್ಮೆ ರಾತ್ರಿ 10:40ಕ್ಕೆ ಗಿರಾಕಿಯೊಬ್ಬರು ಬಸ್ಸಿನ ಪಾರ್ಸಲ್‌ನಲ್ಲಿ ಒಡೆದ ರೊಟ್ಟಿಗಳ ಫೋಟೋ ಹಾಕಿ "ಚೂರು ಕಳಿಸಿದ್ದೀರಲ್ಲ" ಅಂದಿದ್ದರು. ಅಕ್ಕ ಬೆಳಗಿನವರೆಗೂ ಆ ಫೋಟೋವನ್ನೇ ನೋಡುತ್ತ ಕೂತಿದ್ದರು.

ಇನ್ನೊಂದು ವಿಷಯ ಹೇಳುವಾಗ ಅವರಿಗೆ ಅಳು ಬಂತು. ವರ್ಷಗಟ್ಟಲೆ ರೊಟ್ಟಿ ಬಡಿದು, ಬಿಸಿ ಹಂಚು ಮುಟ್ಟಿ ಅವರ ಬೆರಳಿನ ಗೆರೆಗಳು ಸವೆದಿವೆ. ಫೋನು ಅವರ ಬೆರಳಚ್ಚನ್ನು ಹಿಡಿಯುವುದಿಲ್ಲ. ಅದಕ್ಕೆ ಮಗಳ ಬೆರಳಚ್ಚು ಹಾಕಿಸಿದ್ದರು. ಪಿನ್ ಗೊತ್ತಿದೆ, ಆದರೆ ಕತ್ತಲಲ್ಲಿ ತಪ್ಪು ಒತ್ತಿ ಲಾಕ್ ಆದರೆ ಅಂತ ಹೆದರಿಕೆ. ಹಾಗಾಗಿ ನಡುರಾತ್ರಿ ಫೋನು ಗುಂಯ್ ಅಂದಾಗ ಮಲಗಿದ ಮಗಳ ಬೆರಳನ್ನು ಮೆಲ್ಲಗೆ ಹಿಡಿದು ಫೋನಿಗೆ ಒತ್ತುತ್ತಿದ್ದರು. ಹುಡುಗಿಗೆ ಎಚ್ಚರವಾಗುತ್ತಿತ್ತು, ಆದರೂ ಕಣ್ಣು ಮುಚ್ಚಿಕೊಂಡೇ ಬೆರಳು ಕೊಡುತ್ತಿದ್ದಳು.

ಮೂರನೇ ಸಲ ನಾನು ದಾಸೋಹದ ಮಾತು ತೆಗೆದೆ. ಶರಣಬಸವೇಶ್ವರರ ಊರಿನವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. "ದಾಸೋಹದಲ್ಲಿ ಪಂಕ್ತಿ ಇರುತ್ತದೆ ಅಲ್ವಾ ಅಕ್ಕಾ? ಒಂದು ಪಂಕ್ತಿ ಎದ್ದ ಮೇಲೆ ಇನ್ನೊಂದು ಕೂರುತ್ತದೆ. ಕಾಯುವವರಿಗೆ ಬೇಜಾರಿಲ್ಲ, ಯಾಕೆಂದರೆ ಕೂರ್ರಿ, ಮುಂದಿನ ಪಂಕ್ತಿ ನಿಮ್ಮದು ಅಂತ ಯಾರೋ ಹೇಳಿರುತ್ತಾರೆ." ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹೌದ್ರಿ, ಹೇಳವ್ರು ಒಬ್ರು ಬೇಕು" ಅಂದರು.

ಹೇಳುವವರು ಫೋನಿನಲ್ಲೇ ಇದ್ದರು. 2018ರಿಂದ ವಾಟ್ಸ್ಆ್ಯಪ್ ಬಿಸಿನೆಸ್ ಅಂತ ಬೇರೆ ಆ್ಯಪ್ ಇದೆ, ಪುಕ್ಕಟೆ. ಅದೇ ನಂಬರು ಉಳಿಯುತ್ತದೆ. ನಾವು ಹೇಳಿದ ವೇಳೆಯಲ್ಲಿ ಬಂದ ಮೆಸೇಜಿಗೆ ಅದು ತಾನೇ ಉತ್ತರ ಕೊಡುತ್ತದೆ. ರೇಟು, ಫೋಟೋ ಹಾಕಿ ಕ್ಯಾಟಲಾಗ್ ಮಾಡಿಟ್ಟರೆ "ಎಷ್ಟು ರೇಟು?" ಅಂತ ಕೇಳಿದವರಿಗೆಲ್ಲ ಬೇರೆ ಬೇರೆ ಬರೆಯುವ ಕೆಲಸ ತಪ್ಪುತ್ತದೆ. ಉತ್ತರದ ಮಾತು ಮಾತ್ರ ಅಕ್ಕನದೇ ಇರಬೇಕು ಅಂತ ಹಟ ಹಿಡಿದೆ. ಅವರು ಹೇಳಿದರು, ಮಗಳು ಬರೆದಳು:

"ಶರಣ್ರಿ. ನಿಮ್ಮ ಮಾತು ಮುಟ್ಟಿತು. ಈಗ ಒಲಿ ಆರ್ಸೀವಿ. ಮುಂಜಾನಿ ಹನ್ನೊಂದಕ್ಕ ನಾನೇ ಮಾತಾಡ್ತೀನಿ."

ಮೊದಲ ರಾತ್ರಿ ಎಡವಟ್ಟಾಯಿತು. ಅಕ್ಕ ಡೇಟಾ ಬಂದ್ ಮಾಡಿ ಮಲಗಿದ್ದರು. ಫೋನಿಗೆ ಇಂಟರ್ನೆಟ್ ಇಲ್ಲದಿದ್ದರೆ ಆ ಉತ್ತರ ಹೋಗುವುದಿಲ್ಲ. ಈ ಆ್ಯಪ್ ಬಳಸುವವರು ಇದನ್ನು ನೆನಪಿಡಿ. ಆಮೇಲೆ ಡೇಟಾ ಚಾಲೂ ಇಟ್ಟು, ಸದ್ದು ತೆಗೆದು, ಫೋನನ್ನು ಅಡುಗೆಮನೆಯಲ್ಲಿ ಹಿಟ್ಟಿನ ಡಬ್ಬಿಯ ಪಕ್ಕ ಇಟ್ಟರು. ಮಲಗುವ ಕೋಣೆಗೆ ಫೋನು ಬರಬಾರದು ಅಂತ ನಾನು ಖಡಾಖಂಡಿತವಾಗಿ ಹೇಳಿದ್ದೆ.

ನಾಲ್ಕನೇ ಭೇಟಿಗೆ ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ, ಆದರೆ ಒಳಗೊಳಗೆ ಬೆಂದಿದ್ದರು. ಮಿಲ್ಲಿನಲ್ಲಿ ಗೆಳೆಯರು "ನಿನ್ನ ಹೆಣ್ತಿ ಫೇಮಸ್ ಆಗ್ಯಾಳ" ಅಂತ ಚುಚ್ಚುತ್ತಿದ್ದರಂತೆ. ರಾತ್ರಿ 11ಕ್ಕೆ ಫೋನು ಗುಂಯ್ ಅಂದಾಗ "ಯಾರದು?" ಅಂತ ಕೇಳುತ್ತಿದ್ದರು. ಅಕ್ಕ ಒಂದು ಮಾತು ಮುಚ್ಚಿಟ್ಟಿದ್ದರು. ಒಬ್ಬ ಗಂಡಸು ನಿಜಕ್ಕೂ ಹೊಲಸು ಮೆಸೇಜು ಕಳಿಸಿದ್ದ. ಹೇಳಿದರೆ ಧಂದೆಯನ್ನೇ ನಿಲ್ಲಿಸಿಬಿಡುತ್ತಾರೆ ಅನ್ನುವ ಭಯ. ಅವತ್ತು ನನ್ನ ಎದುರೇ ಹೇಳಿದರು. ಗಂಡ ಎದ್ದು ನಿಂತರು, ಮತ್ತೆ ಕೂತರು. "ನಂಗ ಯಾಕ ಹೇಳ್ಲಿಲ್ಲ?" ಅಂದಾಗ ಅವರ ದನಿಯಲ್ಲಿ ಸಿಟ್ಟಿಗಿಂತ ನೋವು ಜಾಸ್ತಿ ಇತ್ತು.

ಸ್ಕ್ರೀನ್‌ಶಾಟ್ ಇಟ್ಟುಕೊಂಡು ಆ ನಂಬರನ್ನು ಬ್ಲಾಕ್ ಮಾಡಿಸಿದೆವು. ಮತ್ತೆ ಕಾಟ ಕೊಟ್ಟರೆ ಮಹಿಳಾ ಸಹಾಯವಾಣಿ 181, ಫೋನಿನಲ್ಲಿ ದುಡ್ಡಿನ ಮೋಸವಾದರೆ ತಡಮಾಡದೆ ಸೈಬರ್ ಸಹಾಯವಾಣಿ 1930 ಅಂತ ಇಬ್ಬರಿಗೂ ಬರೆದುಕೊಟ್ಟೆ. ದೊಡ್ಡ ಆರ್ಡರು ಕೊಟ್ಟು, "ದುಡ್ಡು ಹಾಕ್ತೀನಿ, ನಿಮ್ಮ ಪಿನ್ ಒತ್ತಿ" ಅನ್ನುವವರು ಇದ್ದಾರೆ. ದುಡ್ಡು ನಮ್ಮ ಖಾತೆಗೆ ಬರಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆ ನಮ್ಮ ದುಡ್ಡೇ ಹೋಗುತ್ತದೆ.

ಹೆಂಡತಿಯ ಮೆಸೇಜುಗಳನ್ನು ದಿನಾ ನೋಡುತ್ತೇನೆ, ಆಗ ಸರಿ ಹೋಗುತ್ತದೆ ಅಂತ ಗಂಡ ಹೇಳಿದರು. ನಾನು ಒಪ್ಪಲಿಲ್ಲ. ಅದು ಕಾವಲು, ನೆರವಲ್ಲ. ಅದರ ಬದಲು ಸಂಜೆ 6ರಿಂದ 8ರವರೆಗೆ ಪಾರ್ಸಲ್ ಕೆಲಸ ಅವರದು ಅಂತ ಮಾತಾಯಿತು. ರೊಟ್ಟಿ ಒಡೆಯದಂತೆ ಗಟ್ಟಿ ರಟ್ಟಿನ ಡಬ್ಬಿ ಹುಡುಕಿ ತಂದವರೂ ಅವರೇ.

ಕೊನೆಗೆ ದುಡ್ಡಿನ ಮಾತು. ಪ್ಯಾಕೆಟ್ಟಿನ ಮೇಲಿನ ಕ್ಯೂಆರ್ ಕೋಡು ಗಂಡನ ಖಾತೆಯದಾಗಿತ್ತು. ತಿಂಗಳಿಗೆ ಎಷ್ಟು ಬರುತ್ತದೆ ಅಂತ ಅಕ್ಕನಿಗೆ ಗೊತ್ತೇ ಇರಲಿಲ್ಲ. ಗೊತ್ತಿಲ್ಲದ್ದರಿಂದ ಯಾವ ಆರ್ಡರು ಬೇಡ ಅನ್ನಬಹುದು ಅಂತಲೂ ತಿಳಿಯುತ್ತಿರಲಿಲ್ಲ. ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು. ನನ್ನ ಮಟ್ಟಿಗೆ ನಿದ್ದೆಗೆಟ್ಟ ಮೂಲ ಅರ್ಧ ಇಲ್ಲೇ ಇತ್ತು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಖಾತೆ ಅಕ್ಕನ ಹೆಸರಿನಲ್ಲೇ ಇತ್ತು. ಅದಕ್ಕೇ ಯುಪಿಐ ಮಾಡಿಸಿ, ಹೊಸ ಕ್ಯೂಆರ್ ಹಚ್ಚಿ ಅಂದೆ. ಗಂಡನಿಗೆ ಎರಡು ವಾರ ಮುನಿಸು. ಲೆಕ್ಕ ಹಾಕಿ ನೋಡಿದಾಗ ಅಕ್ಕನಿಗೆ ಗೊತ್ತಾಗಿದ್ದು, ದಿನಕ್ಕೆ 400 ರೊಟ್ಟಿ ಸಾಕು ಅಂತ. ಉಳಿದ 200ರಲ್ಲಿ ಒಡೆದದ್ದು, ವಾಪಸ್ ಕೊಟ್ಟ ದುಡ್ಡು ಕಳೆದರೆ ಕೈಯಲ್ಲಿ ಹೆಚ್ಚೇನೂ ನಿಲ್ಲುತ್ತಿರಲಿಲ್ಲ.

ಕೆಲವು ಗಿರಾಕಿಗಳು ಹೋದರು. ಅದು ಅಕ್ಕನನ್ನು ಈಗಲೂ ಕಾಡುತ್ತದೆ. ನಿದ್ದೆ ಈಗ 6 ತಾಸು ಆಗುತ್ತಿದೆ, ತಲೆಸುತ್ತು ನಿಂತಿದೆ. ಇಂಥದೇ ತೊಂದರೆಯಲ್ಲಿ ಇದ್ದು, ಹತ್ತಿರ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.

ನಾಲ್ಕು ತಿಂಗಳಾದ ಮೇಲೆ ಅಕ್ಕ ರೊಟ್ಟಿಯ ಗಂಟು ಹಿಡಿದುಕೊಂಡು ಬಂದಿದ್ದರು. ಗಿರಾಕಿಯೊಬ್ಬರ ಮೆಸೇಜು ತೋರಿಸಬೇಕಿತ್ತು. ಮಗಳ ಬೆರಳಚ್ಚನ್ನು ಫೋನಿನಿಂದ ತೆಗೆಸಿದ್ದಾರೆ. ಕನ್ನಡಕ ಹಾಕಿಕೊಂಡು, ಒಂದೊಂದೇ ಅಂಕಿ ಒತ್ತಿ ಪಿನ್ ಹಾಕಿದರು. ಒಮ್ಮೆ ತಪ್ಪಿತು. "ತಡೀರಿ ಮೇಡಂ, ಅವಸರ ಏನದ" ಅಂದು ಮತ್ತೆ ಒತ್ತಿದರು.