ಚಳಿಗೆ ಒಳಗಿಟ್ಟ ನಿಂಬೆ ಗಿಡ ಎಲೆ ಉದುರಿಸುವುದೇಕೆ?

ಪ್ರಶ್ನೆ: ಕುಂಡದಲ್ಲಿ ನಿಂಬೆ ಗಿಡ ಬೆಳೆಸಿದ್ದೇನೆ. ಹೋದ ವರ್ಷ ಚಳಿ ಜೋರಾದಾಗ ಒಳಗೆ ತಂದು ಹೀಟರ್ ಇರುವ ಕೋಣೆಯಲ್ಲಿಟ್ಟೆ. ಆದರೂ ಕೆಲವೇ ವಾರಗಳಲ್ಲಿ ಎಲೆಯೆಲ್ಲ ಉದುರಿ ಬರೀ ಕಡ್ಡಿ ಉಳಿಯಿತು. ಬೇಸಿಗೆಗೆ ಮತ್ತೆ ಚಿಗುರಿದೆ. ನೀರು ಸಾಲದೆ ಹೀಗಾಯಿತೇ? ಈ ಸಲ ಏನು ಮಾಡಲಿ?

ಉತ್ತರ: ಗಿಡ ಮತ್ತೆ ಚಿಗುರಿದೆ ಅಂದರೆ ಬೇರು ಗಟ್ಟಿಯಾಗಿದೆ, ಹೆದರಬೇಡಿ. ನೀವು ಹೇಳುವುದನ್ನು ನೋಡಿದರೆ ಕೊರತೆಯಾಗಿದ್ದು ನೀರಲ್ಲ, ಬೆಳಕು. ಕೋಣೆಯ ಬೆಳಕು ನಮ್ಮ ಕಣ್ಣಿಗೆ ಧಾರಾಳ ಅನ್ನಿಸುತ್ತದೆ, ಆದರೆ ದಿನವಿಡೀ ಬಿಸಿಲಲ್ಲಿದ್ದ ಗಿಡಕ್ಕೆ ಅದು ಕತ್ತಲೆಯೇ ಸರಿ. ಅದರ ಮೇಲೆ ಹೀಟರ್. ಬೆಚ್ಚಗಿದ್ದಷ್ಟೂ ಗಿಡ ಕೂಡಿಟ್ಟ ಆಹಾರವನ್ನು ಬೇಗ ಖರ್ಚು ಮಾಡುತ್ತದೆ, ಹೊಸದಾಗಿ ಮಾಡಿಕೊಳ್ಳೋಣ ಅಂದರೆ ಬೆಳಕಿಲ್ಲ, ಗಾಳಿಯೂ ಒಣ. ಎಲೆ ಉದುರಿಸದೆ ಇನ್ನೇನು ಮಾಡೀತು?

ಹಾಗಾಗಿ ಬೆಚ್ಚಗಿನ ಮೂಲೆ ಬೇಡ, ಮನೆಯಲ್ಲಿ ಅತಿ ಹೆಚ್ಚು ಬಿಸಿಲು ಬೀಳುವ ಕಿಟಕಿ ಹುಡುಕಿ. ಕೋಣೆ ಸ್ವಲ್ಪ ತಣ್ಣಗಿದ್ದರೆ ಒಳ್ಳೆಯದೇ. ಫ್ರಾನ್ಸಿನ ವರ್ಸೈ ಅರಮನೆಯಲ್ಲಿ ಕಿತ್ತಳೆ ಜಾತಿಯ ಗಿಡಗಳಿಗೆಂದೇ 1684ರಿಂದ 1686ರವರೆಗೆ ಕಟ್ಟಿದ ದೊಡ್ಡ ಕಟ್ಟಡವಿದೆ. ದಪ್ಪ ಗೋಡೆ, ದಕ್ಷಿಣಕ್ಕೆ ಮುಖ ಮಾಡಿದ ಎತ್ತರದ ಕಿಟಕಿಗಳು. ಪೆಟ್ಟಿಗೆಗಳಲ್ಲಿ ಬೆಳೆದ ಮರಗಳು ಈಗಲೂ ಚಳಿಗಾಲ ಕಳೆಯುವುದು ಅಲ್ಲೇ. ಬೆಳಕು ಮತ್ತು ಹದವಾದ ತಂಪು, ಇಷ್ಟೇ ಅದರ ಗುಟ್ಟು.

ಬೇರಿನ ಕಡೆಗೂ ಗಮನ ಇರಲಿ. ಮಣ್ಣು ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಈ ಜಾತಿಯ ಬೇರುಗಳು ಹೆಚ್ಚುಕಡಿಮೆ ಕೆಲಸ ನಿಲ್ಲಿಸುತ್ತವೆ. ಕುಂಡ ಕೊರೆಯುವ ನೆಲದ ಮೇಲಿದ್ದು ಎಲೆಗೆ ಮಾತ್ರ ಸುಡು ಬಿಸಿಲು ಬಿದ್ದರೆ, ಎಲೆ ಕೇಳಿದಷ್ಟು ನೀರನ್ನು ಬೇರು ಕೊಡಲಾರದು, ಆಗಲೂ ಎಲೆ ಉದುರುತ್ತದೆ. ಕುಂಡದ ಕೆಳಗೆ ಒಂದು ಮರದ ಹಲಗೆ ಇಡಿ, ಸಾಕು.

ರಾತ್ರಿ 10 ಡಿಗ್ರಿಯ ಹತ್ತಿರ ಇಳಿಯಲು ಶುರುವಾದಾಗಲೇ ಒಳಗೆ ತರುವ ತಯಾರಿ ಮಾಡಿ, ಹಿಮ ಬೀಳುವ ತನಕ ಕಾಯಬೇಡಿ. ನಿಂಬೆ ಈ ಕುಟುಂಬದಲ್ಲೇ ಚಳಿಗೆ ಬಲು ನಾಜೂಕು. ಆದರೆ ಬಿಸಿಲಿಂದ ನೇರ ಒಳಗೆ ಬೇಡ. ಒಂದೆರಡು ವಾರ ಹೊರಗೇ ನೆರಳಲ್ಲಿಟ್ಟು ಅಭ್ಯಾಸ ಮಾಡಿಸಿ. ಆಗಲೇ ಎಲೆಯ ಅಡಿಭಾಗ ನೋಡಿ: ಬಿಳಿ ಹತ್ತಿಯಂಥ ಹಿಟ್ಟು ತಿಗಣೆ, ಕಾಂಡಕ್ಕೆ ಕಚ್ಚಿಕೊಂಡ ಕಂದು ಚಿಪ್ಪಿನ ಹುಳ, ನವಿರಾದ ಬಲೆ ಕಟ್ಟುವ ನುಸಿ. ಎಲೆ ಅಂಟಂಟಾಗಿದ್ದರೆ, ಇರುವೆ ಹತ್ತುತ್ತಿದ್ದರೆ ಹುಳ ಇದೆ ಅಂತಲೇ ಅರ್ಥ. ನೀರನ್ನು ಜೋರಾಗಿ ಹಾಯಿಸಿ ತೊಳೆದು, ಉಳಿದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಇದನ್ನು ಮಾತ್ರ ಬಿಡಬೇಡಿ, ಯಾಕೆಂದರೆ ಒಳಗಿನ ಒಣ ಗಾಳಿಯಲ್ಲಿ ನುಸಿ ಬಹಳ ಬೇಗ ಹೆಚ್ಚುತ್ತದೆ, ಅದನ್ನು ತಿನ್ನುವ ಹುಳಗಳೂ ಅಲ್ಲಿರುವುದಿಲ್ಲ.

ನೀರು ಹಾಕುವ ಮುಂಚೆ ಬೆರಳು ಒಳಗಿಟ್ಟು ನೋಡಿ. ಮೇಲಿನ ಒಂದೆರಡು ಇಂಚು ಒಣಗಿದ್ದರೆ ಚೆನ್ನಾಗಿ ನೀರು ಹಾಕಿ, ತಟ್ಟೆಗೆ ಇಳಿದದ್ದನ್ನು ಚೆಲ್ಲಿಬಿಡಿ. ಎಲೆ ಉದುರಿತು ಅಂತ ಸುಮ್ನೆ ನೀರು ಸುರಿದರೆ ಬೇರು ಕೊಳೆಯುತ್ತದೆ. ಹೊಸ ಚಿಗುರು ಬರುವವರೆಗೆ ಗೊಬ್ಬರ ಬೇಡ, ಕುಂಡ ಬದಲಿಸುವುದೂ ಬೇಡ. ಒಳಗೆ ಹೂ ಬಿಟ್ಟರೆ ಮೆತ್ತಗಿನ ಬ್ರಷ್ ಅನ್ನು ಹೂವಿಂದ ಹೂವಿಗೆ ಆಡಿಸಿ, ಕಾಯಿ ಕಚ್ಚಲು ಅನುಕೂಲ.

ಚಳಿ ಕಳೆದ ಮೇಲೆ ಹೊರಗಿಡುವಾಗಲೂ ಮೊದಲು ನೆರಳು, ಆಮೇಲೆ ಬೆಳಗಿನ ಬಿಸಿಲು. ಒಮ್ಮೆಲೇ ಮಧ್ಯಾಹ್ನದ ಬಿಸಿಲಿಗಿಟ್ಟರೆ ಒಳಗೆ ಬಂದ ಎಳೆ ಎಲೆಗಳು ಸುಟ್ಟು ಬೆಳ್ಳಗಾಗುತ್ತವೆ.