ಎರಡನೇ ಹಾಜರಿ ಪುಸ್ತಕ ಬರೆದಿಡಿ ಅಂತಾರೆ ಮೇಡಂ, ಏನ್ಮಾಡ್ಲಿ?

ಪ್ರಶ್ನೆ: ನಮಸ್ಕಾರ ಮೇಡಂ. ದೊಡ್ಡಬಳ್ಳಾಪುರದ ಹತ್ತಿರ ನನ್ನದೊಂದು ಚಿಕ್ಕ ಗಾರ್ಮೆಂಟ್ಸ್ ಇದೆ. ಮೊದಲು ನಾನೇ ಕಟಿಂಗ್ ಮಾಸ್ಟರ್ ಆಗಿದ್ದೆ. ಈಗ 62 ಜನ ಕೆಲಸಕ್ಕಿದ್ದಾರೆ, ಅದರಲ್ಲಿ 48 ಹೆಂಗಸರು. 12 ಹುಡುಗಿಯರು ಒಡಿಶಾದವರು, ಬಾಡಿಗೆ ಮನೆ ಮಾಡಿ ಇಟ್ಟಿದ್ದೀವಿ. ಒಂದು ಎಕ್ಸ್‌ಪೋರ್ಟ್ ಕಂಪನಿಗೆ ಜಾಬ್‌ವರ್ಕ್ ಮಾಡ್ತೀವಿ. ಮಾನವ ಹಕ್ಕಿನ ಆಡಿಟ್ ಆಗ್ಬೇಕು ಅಂತ ಬಟ್ಟೆ ಕೊಳ್ಳೋ ಬಯ್ಯರ್ ಕೇಳ್ತಿದ್ದಾರೆ, 40 ಪುಟದ ಫಾರಂ ಕಳಿಸಿದ್ದಾರೆ. ಶಿಪ್‌ಮೆಂಟ್ ಟೈಮಲ್ಲಿ ಓಟಿ ಮಾಡಿಸಿ ಕಾಂಪ್ ಆಫ್, ಅಂದ್ರೆ ಬದಲಿ ರಜೆ ಕೊಡ್ತೀವಿ, ದುಡ್ಡು ಕೊಡಲ್ಲ. ಆಡಿಟ್‌ಗೆ ಅಂತಲೇ ಓಟಿ ಕಾಣದ ಹಾಗೆ ಬೇರೆ ಹಾಜರಿ ಪುಸ್ತಕ ಬರೆದಿಡಿ ಅಂತಾರೆ ಕನ್ಸಲ್ಟೆಂಟ್. ನಮಗೆ ಕೊಡೋ ಪೀಸ್ ರೇಟ್ ಮಾತ್ರ ಯಾರೂ ಏರಿಸಲ್ಲ. ಏನ್ಮಾಡ್ಲಿ?

ಉತ್ತರ: ಎರಡನೇ ಪುಸ್ತಕ ಬೇಡ ಸರ್. ಇವತ್ತೇ ಕನ್ಸಲ್ಟೆಂಟ್‌ಗೆ ಹೇಳಿಬಿಡಿ.

ಕಾರಣ ಹೇಳುತ್ತೇನೆ. 2012ರಲ್ಲಿ ಕರಾಚಿಯ ಅಲಿ ಎಂಟರ್‌ಪ್ರೈಸಸ್ ಅನ್ನುವ ಗಾರ್ಮೆಂಟ್ಸ್‌ನಲ್ಲಿ ಬೆಂಕಿ ಬಿತ್ತು. 250ಕ್ಕೂ ಹೆಚ್ಚು ಜನ ಸತ್ತರು. ಕಿಟಕಿಗೆ ಸರಳು, ಬಾಗಿಲಿಗೆ ಬೀಗ, ಓಡಲು ಸರಿಯಾದ ದಾರಿ ಇರಲಿಲ್ಲ. ಅದೇ ಫ್ಯಾಕ್ಟರಿಗೆ ಕೆಲವೇ ವಾರಗಳ ಹಿಂದೆ ಒಳ್ಳೆಯ ಕೆಲಸದ ವಾತಾವರಣ ಇದೆ ಅಂತ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಸಿಕ್ಕಿತ್ತು. ಕಾಗದ ಎಲ್ಲಾ ಸರಿ ಇತ್ತು. ಆದ್ದರಿಂದ ಫಾರಂ ತುಂಬುವ ಮೊದಲು ಎದ್ದು ಹೋಗಿ ನಿಮ್ಮ ಹಿಂದಿನ ಬಾಗಿಲು ನೋಡಿ. ಅದಕ್ಕೆ ಅಡ್ಡವಾಗಿ ಬಟ್ಟೆ ಬಂಡಲ್ ಇಟ್ಟಿದ್ದರೆ ಈಗಲೇ ತೆಗೆಸಿ.

ಫಾರಂ ಎಲ್ಲಿಂದ ಬಂತು ಅಂದರೆ, ವಿಶ್ವಸಂಸ್ಥೆ 2011ರಲ್ಲಿ ವ್ಯಾಪಾರ ಮತ್ತು ಮಾನವ ಹಕ್ಕಿನ ಬಗ್ಗೆ ಕೆಲವು ಮಾರ್ಗಸೂಚಿ ಒಪ್ಪಿಕೊಂಡಿತು. ಅದರ ಪ್ರಕಾರ ಜನರನ್ನು ಕಾಪಾಡುವುದು ಸರ್ಕಾರದ ಕೆಲಸ. ಹಕ್ಕನ್ನು ಗೌರವಿಸುವುದು ಚಿಕ್ಕದೋ ದೊಡ್ಡದೋ ಪ್ರತಿ ಕಂಪನಿಯ ಕೆಲಸ. ಯಾರಿಗಾದರೂ ತೊಂದರೆ ಆಗಿದ್ದರೆ ಸರಿ ಮಾಡಿಕೊಡಬೇಕು. ಜರ್ಮನಿಯಲ್ಲಿ 2023ರಿಂದ ಇದಕ್ಕೆ ಕಾನೂನೇ ಬಂದಿದೆ, ದೊಡ್ಡ ಕಂಪನಿಗಳು ತಮಗೆ ಮಾಲು ಕೊಡುವವರ ಕಡೆಯೂ ನೋಡಬೇಕು. ನಿಮ್ಮ ಫಾರಂ 40 ಪುಟ ಇರಬಹುದು, ಕೇಳುವುದು ಒಂದೇ: ನಿಮ್ಮಲ್ಲಿ ಯಾರಿಗೆ, ಎಲ್ಲಿ ತೊಂದರೆ ಆಗುತ್ತಿದೆ? ಅದಕ್ಕೆ ಏನು ಮಾಡಿದಿರಿ?

ಮೊದಲ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಓಟಿ. ಕಾಂಪ್ ಆಫ್ ಅನ್ನುವುದು ನಮ್ಮ ಗಾರ್ಮೆಂಟ್ಸ್‌ಗಳಲ್ಲಿ ಎಷ್ಟು ರೂಢಿಯಾಗಿದೆ ಅಂದರೆ ಅದು ತಪ್ಪು ಅಂತ ಯಾರಿಗೂ ಅನ್ನಿಸುವುದೇ ಇಲ್ಲ. ಆದರೆ 1948ರ ಫ್ಯಾಕ್ಟರಿ ಕಾಯ್ದೆಯಿಂದ ಹಿಡಿದು 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯವರೆಗೂ ಓಟಿಗೆ ಡಬಲ್ ಕೂಲಿ ಅಂತಲೇ ಇದೆ. ಹೊಸದರಲ್ಲಿ ಕಾರ್ಮಿಕರ ಒಪ್ಪಿಗೆಯೂ ಬೇಕು. ದಿನಕ್ಕೆ 560 ರೂಪಾಯಿ ಅಂದುಕೊಳ್ಳಿ. ಗಂಟೆಗೆ 70. ಎರಡು ಗಂಟೆ ಜಾಸ್ತಿ ಕೂತರೆ 280 ಕೊಡಬೇಕು. ಅದರ ಬದಲು ನೀವು ಆರ್ಡರ್ ಇಲ್ಲದ ದಿನ ನೋಡಿ ರಜೆ ಕೊಡುತ್ತೀರಿ. ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ರಾತ್ರಿ ಎಂಟರವರೆಗೆ ಹೊಲಿದವಳಿಗೆ ಆ ರಜೆಯಿಂದ ಏನು ಸಿಕ್ಕಿತು ಹೇಳಿ? ಬಾಕಿ ಓಟಿ ಲೆಕ್ಕ ಹಾಕಿ. ಒಂದೇ ಸಲ ಆಗದಿದ್ದರೆ ಕಂತಿನಲ್ಲಿ ಕೊಡಿ. ಆದರೆ ಪೇ ಸ್ಲಿಪ್‌ನಲ್ಲಿ ಬರಲಿ.

ಎರಡನೆಯದಕ್ಕೆ ದುಡ್ಡು ಬೇಕಾಗಿಲ್ಲ. ನಾಳೆ ಮಧ್ಯಾಹ್ನ ಊಟದ ಬೆಲ್ ಆಗುವ ಮುಂಚೆ ಲೈನ್‌ನಲ್ಲಿ ಒಂದು ಸುತ್ತು ಹೋಗಿ, ಮೆಷಿನ್ ಪಕ್ಕದ ನೀರಿನ ಬಾಟಲಿಗಳನ್ನು ನೋಡಿ. ಬೆಳಗ್ಗೆ ತುಂಬಿಸಿ ತಂದ ಹಾಗೇ ಇವೆಯಾ? ಹಾಗಿದ್ದರೆ ಅವರು ಬೇಕಂತಲೇ ಕುಡಿದಿಲ್ಲ. ನೀರು ಕುಡಿದರೆ ಟಾಯ್ಲೆಟ್‌ಗೆ ಹೋಗಬೇಕು, ಹೋದರೆ ಗಂಟೆಯ ಪ್ರೊಡಕ್ಷನ್ ಕಮ್ಮಿ ಆಗುತ್ತದೆ, ಸೂಪರ್‌ವೈಸರ್ ಬ್ಯಾಚ್ ಮುಂದೆಯೇ ಬಾಯಿಗೆ ಬಂದ ಹಾಗೆ ಬೈಯುತ್ತಾನೆ. ನಾನು ಹೋದ ಎಷ್ಟೋ ಕಡೆ ಹೆಂಗಸರು ಉರಿಮೂತ್ರದ ಬಗ್ಗೆ ಹೇಳಿಕೊಂಡಿದ್ದಾರೆ. ಯಾವ ಆಡಿಟ್ ಫಾರಂನಲ್ಲೂ ಆ ಬಾಟಲಿ ಬರುವುದಿಲ್ಲ. ಸೂಪರ್‌ವೈಸರನ್ನು ಕೂರಿಸಿ ಮಾತಾಡಿ, ಅವನ ಟಾರ್ಗೆಟ್ ಹಾಕಿದವರು ನೀವೇ ಅಲ್ವಾ?

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಕಡ್ಡಾಯ, 2013ರ ಕಾನೂನು. ಅದರಲ್ಲಿ ಅರ್ಧದಷ್ಟಾದರೂ ಹೆಂಗಸರಿರಬೇಕು, ಹೊರಗಿನ ಒಬ್ಬರೂ ಇರಬೇಕು. ದೂರಿನ ಪೆಟ್ಟಿಗೆಯನ್ನು ಆಫೀಸ್ ಬಾಗಿಲಲ್ಲಿ, ಕ್ಯಾಮೆರಾ ಕೆಳಗೆ ಇಟ್ಟಿದ್ದರೆ ದಯವಿಟ್ಟು ಅಲ್ಲಿಂದ ತೆಗೆಯಿರಿ. ಅಲ್ಲಿಗೆ ಯಾರು ಚೀಟಿ ಹಾಕುತ್ತಾರೆ?

ಒಡಿಶಾದ ಹುಡುಗಿಯರ ಆಧಾರ್ ಕಾರ್ಡು ನಿಮ್ಮ ಬೀರುವಿನಲ್ಲಿ ಇದ್ದರೆ ವಾಪಸ್ ಕೊಡಿ. ಭಾನುವಾರ ಮನೆಯ ಗೇಟಿಗೆ ಬೀಗ ಹಾಕಬೇಡಿ. ಅವರ ಒಳ್ಳೆಯದಕ್ಕೇ ಅಂತ ನಿಮಗೆ ಅನ್ನಿಸಬಹುದು, ಆದರೆ ಹತ್ತೊಂಬತ್ತು ವರ್ಷದ ಹುಡುಗಿ ಸಂತೆಗೆ ಹೋಗಲು ನಿಮ್ಮನ್ನು ಯಾಕೆ ಕೇಳಬೇಕು?

ಪಿಎಫ್, ಇಎಸ್‌ಐ ಬಗ್ಗೆ ಜಾಸ್ತಿ ಹೇಳುವುದಿಲ್ಲ, 62 ಜನ ಇದ್ದ ಮೇಲೆ ಕಟ್ಟಲೇಬೇಕು. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ವಾಪಸ್ ಪಡೆಯುವ ನಿಯಮ ಬದಲಾಯಿತು ಅಂತ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ ಇಳಿದಿದ್ದು ನೆನಪಿದೆಯಲ್ಲ? ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಆದೇಶ ವಾಪಸ್ ತೆಗೆದುಕೊಂಡಿತು. ಆ ದುಡ್ಡು ಅವರಿಗೆ ಅಷ್ಟು ಮುಖ್ಯ. ಮಕ್ಕಳನ್ನು ನೋಡಿಕೊಳ್ಳುವ ಕೋಣೆಯೂ ನಿಮಗೆ ಬೇಕಾಗುತ್ತದೆ, ಹೊಸ ಸಂಹಿತೆಯಲ್ಲಿ 50 ಕಾರ್ಮಿಕರಿಂದ ಅದು ಶುರು. ಒಬ್ಬರಿಗೇ ಭಾರ ಅನ್ನಿಸಿದರೆ ಪಕ್ಕದ ಘಟಕದವರ ಜೊತೆ ಸೇರಿ ಮಾಡಬಹುದು.

ಇನ್ನು ರೇಟು. ಇಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಹತ್ತು ದಿನದ ಕೆಲಸವನ್ನು ಆರು ದಿನಕ್ಕೆ ಕೇಳಿ, ಎರಡು ಸಲ ಡಿಸೈನ್ ಬದಲಾಯಿಸಿ, ಆಮೇಲೆ ಓಟಿ ಯಾಕೆ ಮಾಡಿಸಿದಿರಿ ಅಂತ ಆಡಿಟರ್ ಕಳಿಸುವುದು ಯಾವ ನ್ಯಾಯ? ತಮ್ಮ ಆರ್ಡರ್‌ನಿಂದ ಎಲ್ಲಿ ತೊಂದರೆ ಆಗುತ್ತಿದೆ ಅಂತ ನೋಡುವ ಹೊಣೆ ಬಯ್ಯರ್‌ಗೂ ಇದೆ, ಅದೇ ಮಾರ್ಗಸೂಚಿ ಹಾಗೆ ಹೇಳುತ್ತದೆ. ಆದರೆ ಎರಡನೇ ಪುಸ್ತಕ ಬರೆದಿರೋ, ಕೇಳುವ ಬಾಯಿಯನ್ನು ನೀವೇ ಮುಚ್ಚಿಕೊಂಡ ಹಾಗೆ. ಆ ಪುಸ್ತಕದಲ್ಲಿ ಓಟಿಯೇ ಇಲ್ಲವಲ್ಲ, ರೇಟ್ ಯಾಕೆ ಏರಿಸಬೇಕು ಅನ್ನುತ್ತಾರೆ.

ಹಾಗಾಗಿ ನಿಜವಾದ ಪುಸ್ತಕವನ್ನೇ ತೆಗೆದುಕೊಂಡು ಹೋಗಿ. ಒಂದು ಪೀಸ್‌ಗೆ ಎಷ್ಟು ನಿಮಿಷ, ಆ ನಿಮಿಷಕ್ಕೆ ಕೂಲಿ, ಪಿಎಫ್, ಇಎಸ್‌ಐ ಸೇರಿ ಎಷ್ಟು ಅಂತ ಒಂದೇ ಹಾಳೆಯಲ್ಲಿ ಬರೆಯಿರಿ. ಹೋದ ತಿಂಗಳು ಯಾವ ಆರ್ಡರ್‌ಗೆ ಎಷ್ಟು ಓಟಿ ಆಯಿತು ಅಂತ ಪಕ್ಕದಲ್ಲಿ ಬರೆಯಿರಿ. ಬಾಕಿ ಹೇಗೆ ತೀರಿಸುತ್ತೀರಿ ಅಂತ ಕೆಳಗೆ ಬರೆಯಿರಿ. ಕಟಿಂಗ್ ಮಾಸ್ಟರ್ ಆಗಿದ್ದವರು ನೀವು, ಆ ಲೆಕ್ಕ ನಿಮಗಿಂತ ಚೆನ್ನಾಗಿ ಯಾರೂ ಹಾಕಲಾರರು. ಹಾಳೆ ಸಿದ್ಧವಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಕೂತು ನೋಡುತ್ತೇನೆ.