ಹನ್ನೆರಡು ಜನ ಕುದುರೆಮುಖ ಹತ್ತೋದಾದರೆ

ಸೆಪ್ಟೆಂಬರಿನಲ್ಲಿ ಬೆಂಗಳೂರಿಂದ ಹನ್ನೆರಡು ಜನ ಆಫೀಸಿನವರು ಹೊರಟಿದ್ದೀರಿ. ನೀರೆಷ್ಟು, ಜಿಗಣೆಗೇನು, ನಿಧಾನ ನಡೆಯುವವರ ಕಥೆಯೇನು ಅಂತ ಕೇಳಿದ್ದೀರಿ.

ಮೊದಲು ಅರಣ್ಯ ಇಲಾಖೆಯ ಪರವಾನಗಿ ಆಗಲಿ, ಬಸ್ ಟಿಕೆಟ್ ಆಮೇಲೆ. ದಿನಕ್ಕೆ ಇಷ್ಟೇ ಜನ ಅಂತ ಮಿತಿಯಿದೆ, ಶನಿವಾರ-ಭಾನುವಾರ ಬೇಗ ತುಂಬಿಬಿಡುತ್ತೆ.

ಹತ್ತೋದು ಶುರುವಾಗುವ ಮುಳ್ಳೋಡಿ ಹಳ್ಳಿಯಿಂದ ಹೋಗಿ ಬರೋದು ಸುಮಾರು 20 ಕಿ.ಮೀ. ತಲಾ 2 ಲೀಟರ್ ನೀರು ಸಾಕು, ದಾರಿಯಲ್ಲಿ ತೊರೆಗಳಿವೆ. ತೊರೆ ನೀರು ಶುದ್ಧ ಮಾಡಲು ಕ್ಲೋರಿನ್ ಮಾತ್ರೆ ಇಟ್ಟುಕೊಳ್ಳಿ.

ನಿಧಾನ ನಡೆಯುವವರನ್ನು ಹಿಂದೆ ಬಿಡಲೇಬೇಡಿ. ಗೈಡ್ ಬೆನ್ನಿಗೇ ಅವರಿರಲಿ, ಗಟ್ಟಿಗರೊಬ್ಬರು ಕೊನೆಯಲ್ಲಿ ಬರಲಿ. ಮಂಜು ಕವಿದರೆ ಹುಲ್ಲುಗಾವಲಿನಲ್ಲಿ ಹತ್ತು ಮಾರು ಮುಂದಿದ್ದವರೂ ಕಾಣಲ್ಲ, ಗುಂಪು ಒಡೆಯೋದು ಅಲ್ಲೇ. ದಾರಿಯಲ್ಲಿ ಸಿಗುವ ‘ಒಂಟಿಮರ’ ಅನ್ನೋ ಗುರುತಿನ ಮರದ ಹತ್ತಿರ ನಿಂತು ತಲೆ ಎಣಿಸಿ. ಮಧ್ಯಾಹ್ನ ಒಂದಾದರೆ ತುದಿ ಮುಟ್ಟದಿದ್ದರೂ ಎಲ್ಲರೂ ವಾಪಸ್, ಇದನ್ನು ಹೊರಡೋ ಮುಂಚೆಯೇ ಒಪ್ಪಿಸಿ. ಮೊಣಕಾಲು ಕೈಕೊಡೋದು ಇಳಿಯುವಾಗ, ಒದ್ದೆ ಜೇಡಿಮಣ್ಣಿನಲ್ಲಿ.

ಜಿಗಣೆಗೆ ಪ್ಯಾಂಟಿನ ತುದಿಯನ್ನು ಉದ್ದ ಕಾಲುಚೀಲದೊಳಗೆ ಸಿಕ್ಕಿಸಿ, ಮೇಲೆ ಉಪ್ಪು ಸವರಿ. ಮಳೆ ಬಂದರೆ ತೊಳೆದುಹೋಗುತ್ತೆ, ಮತ್ತೆ ಸವರಿ. ಹತ್ತಿದ್ದನ್ನು ಎಳೆಯಬೇಡಿ, ಅದರ ಬಾಯಿರುವ ಸಣ್ಣ ತುದಿಯ ಕೆಳಗೆ ಉಗುರು ತೂರಿಸಿ ಜಾರಿಸಿ. ಅದರ ಜೊಲ್ಲಿಗೆ ರಕ್ತ ಹೆಪ್ಪುಗಟ್ಟಲ್ಲ, ಹಾಗಾಗಿ ಸುಮಾರು ಹೊತ್ತು ಸುರಿಯುತ್ತೆ. ಗಾಬರಿ ಬೇಡ, ತೊಳೆದು ಬಟ್ಟೆಯಿಂದ ಒತ್ತಿ ಹಿಡಿಯಿರಿ.